ಪ್ರೆಪ್ ಶಾಲೆಯ ಹಿಸ್ಟರಿ ಕ್ಲಾಸು: ನೋಟ್ಸ್ ಇಲ್ಲ, ಬರೀ ಪ್ರಶ್ನೆ. ಇದು ಪಾಠ ಹೇಗಾಗುತ್ತದೆ?

ರೆಡಿಂಗ್ ಅಮ್ಮ:
ಇಂಗ್ಲೆಂಡಿನಲ್ಲಿ ಮಕ್ಕಳನ್ನು ಪ್ರೆಪ್ ಶಾಲೆಗೆ ಕಳಿಸುವವರು ಅಥವಾ ಅಲ್ಲಿ ಪಾಠ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮಗ ಇಯರ್ 6ರಲ್ಲಿದ್ದಾನೆ. ಹಿಸ್ಟರಿಯಲ್ಲಿ ಈಗ 1066, ಅಂದರೆ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ವರ್ಷ, ನಡೆಯುತ್ತಿದೆ. ಪುಸ್ತಕ ಮನೆಗೆ ಬರುವುದಿಲ್ಲ, ನೋಟ್ಸ್ ಬರೆಸುವುದಿಲ್ಲ. ಮೊನ್ನೆ ಹೋಮ್‌ವರ್ಕ್ ಅಂತ ಒಂದು ಹಾಳೆ ಬಂತು. ಆ ಯುದ್ಧದ ಕಥೆಯನ್ನು ಉದ್ದನೆಯ ಬಟ್ಟೆಯ ಮೇಲೆ ಕಸೂತಿ ಹಾಕಿದ ಬೇಯೂ ಟ್ಯಾಪೆಸ್ಟ್ರಿಯ ಒಂದು ಚಿತ್ರ, ಕೆಳಗೆ ಮೂರು ಪ್ರಶ್ನೆ. ಇದನ್ನು ಯಾರು ಮಾಡಿಸಿರಬಹುದು, ಯಾಕೆ ಮಾಡಿಸಿರಬಹುದು, ಇದನ್ನು ನಂಬಬಹುದಾ? ಮಗ "ಇದು ಬಯಾಸ್ಡ್ (ಪಕ್ಷಪಾತದ್ದು), ನಂಬೋಕಾಗಲ್ಲ" ಅಂತ ಬರೆದ. ಟಿಕ್ ಸಿಕ್ಕಿತು. ಯುದ್ಧ ಯಾರ ನಡುವೆ ಆಯಿತು, ಯಾಕೆ ಆಯಿತು ಅಂತ ನಾನು ಕೇಳಿದರೆ ಸುಮ್ಮನೆ ನಿಂತ. ನಾವು ಶಿವಮೊಗ್ಗದಲ್ಲಿ ಓದಿದಾಗ ಕಾರಣಗಳು, ಪರಿಣಾಮಗಳು ಅಂತ ಬಾಯಿಪಾಠ ಮಾಡುತ್ತಿದ್ದೆವು. ಅದು ಒಳ್ಳೆಯದು ಅಂತ ಹೇಳುತ್ತಿಲ್ಲ, ಆದರೆ ಏನೋ ಒಂದು ತಲೆಯಲ್ಲಿ ಉಳಿಯುತ್ತಿತ್ತಲ್ವಾ? ಇಷ್ಟು ಫೀಸು ಕೊಟ್ಟು ಇದಾ ಪಾಠ ಅನ್ನಿಸುತ್ತಿದೆ.

ಸಸೆಕ್ಸ್ ಮೇಷ್ಟ್ರು:
ನಾನು ಪ್ರೆಪ್ ಶಾಲೆಯಲ್ಲೇ ಹಿಸ್ಟರಿ ಹೇಳಿಕೊಡುತ್ತೇನೆ, ಇಯರ್ 5ರಿಂದ 8ರವರೆಗೆ. ನಿಮ್ಮ ದೂರು ಅರ್ಧ ಸರಿ. ಆ ಅರ್ಧ ತುಂಬ ಮುಖ್ಯ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಊರಿನಿಂದ ಓದುವವರಿಗೆ ಮೊದಲು ಒಂದು ಮಾತು. ಪ್ರೆಪ್ ಶಾಲೆ ಅಂದರೆ ಏಳೆಂಟು ವರ್ಷದಿಂದ ಹದಿಮೂರರವರೆಗಿನ ಮಕ್ಕಳ ಖಾಸಗಿ ಶಾಲೆಗಳು. ಸರ್ಕಾರದ ನ್ಯಾಷನಲ್ ಕರಿಕ್ಯುಲಮ್ ಇವಕ್ಕೆ ಕಡ್ಡಾಯವಲ್ಲ. ಹದಿಮೂರಕ್ಕೆ ಸೀನಿಯರ್ ಸ್ಕೂಲಿಗೆ ಹೋಗುವಾಗ ಕಾಮನ್ ಎಂಟ್ರೆನ್ಸ್ ಅನ್ನುವ ಹಳೇ ಪರೀಕ್ಷೆ ಇದೆ. ಅದರ ಹಿಸ್ಟರಿ ಪೇಪರಿನಲ್ಲಿ ಮಗು ಆಧಾರಗಳನ್ನು ಓದಿ ಉತ್ತರಿಸಬೇಕು, ಪ್ರಬಂಧವನ್ನೂ ಬರೆಯಬೇಕು. ಈಚೆಗೆ ಹಲವು ಶಾಲೆಗಳು ಆ ಪೇಪರ್ ಬಿಟ್ಟು ತಮ್ಮದೇ ಪ್ರಾಜೆಕ್ಟ್ ಮಾಡಿಸುತ್ತವೆ. ಆದರೂ ಆಧಾರದ ಪ್ರಶ್ನೆ ಎಲ್ಲ ಕಡೆ ಉಳಿದಿದೆ. ನಿಮ್ಮ ಮಗನ ಹಾಳೆ ಬಂದದ್ದು ಅಲ್ಲಿಂದ.

ಆಧಾರ ಕೊಟ್ಟು ಪ್ರಶ್ನೆ ಕೇಳುವುದು ಒಳ್ಳೆಯ ಪದ್ಧತಿ. ಕಥೆ ಹೇಳದೆ ಆಧಾರ ಕೊಡುವುದು ಕೆಟ್ಟ ಪದ್ಧತಿ. ಕಥೆ ಗೊತ್ತಿಲ್ಲದ ಮಗುವಿನ ಕೈಗೆ ಬಯಾಸ್ಡ್ ಅನ್ನುವ ಒಂದು ಪದ ಮಾತ್ರ ಸಿಗುತ್ತದೆ, ಅದು ಯಾವ ಚಿತ್ರಕ್ಕೂ ಯಾವ ಪತ್ರಕ್ಕೂ ಅಂಟುತ್ತದೆ. ನನ್ನ ಕ್ಲಾಸಿನಲ್ಲಿ ಆ ಪದ ಬರೆದ ಮಗು ಚಿತ್ರ ಯಾರ ಪರ ಇದೆ, ಅದು ಚಿತ್ರದಲ್ಲಿ ಎಲ್ಲಿ ಕಾಣಿಸಿತು ಅಂತಲೂ ಬರೆಯಬೇಕು. ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ.

1066ರ ಕಥೆ ಹತ್ತು ವರ್ಷದ ಮಗುವಿಗೆ ಹೇಳಿ ಮಾಡಿಸಿದ ಹಾಗಿದೆ. ಜನವರಿಯಲ್ಲಿ ರಾಜ ಎಡ್ವರ್ಡ್ ಮಕ್ಕಳಿಲ್ಲದೆ ಸಾಯುತ್ತಾನೆ. ಇಂಗ್ಲೆಂಡಿನ ದೊಡ್ಡ ಸರದಾರ ಹೆರಾಲ್ಡ್ ಮರುದಿನವೇ ಕಿರೀಟ ಇಟ್ಟುಕೊಳ್ಳುತ್ತಾನೆ. ನಾರ್ಮಂಡಿಯ ವಿಲಿಯಂ ಅದು ನನ್ನದು ಅನ್ನುತ್ತಾನೆ, ನಾರ್ವೆಯ ಹರಾಲ್ಡ್ ಹಾರ್ಡ್ರಾಡಾ ನನ್ನದು ಅನ್ನುತ್ತಾನೆ. ಸೆಪ್ಟೆಂಬರ್ 25ಕ್ಕೆ ಯಾರ್ಕ್ ಹತ್ತಿರದ ಸ್ಟ್ಯಾಂಫರ್ಡ್ ಬ್ರಿಡ್ಜ್‌ನಲ್ಲಿ ಹೆರಾಲ್ಡ್ ನಾರ್ವೆಯವರನ್ನು ಸೋಲಿಸುತ್ತಾನೆ. ಮೂರು ದಿನಕ್ಕೆ ವಿಲಿಯಂ ದಕ್ಷಿಣದ ಪೆವೆನ್ಸಿಯಲ್ಲಿ ಇಳಿಯುತ್ತಾನೆ. ಅಕ್ಟೋಬರ್ 14ಕ್ಕೆ ಹೇಸ್ಟಿಂಗ್ಸ್ ಯುದ್ಧ, ಹೆರಾಲ್ಡ್ ಸಾಯುತ್ತಾನೆ, ವಿಲಿಯಂ ಗೆಲ್ಲುತ್ತಾನೆ. ಮಕ್ಕಳಿಗೆ ಮ್ಯಾಪ್ ಕೊಟ್ಟು ಯಾರ್ಕ್‌ನಿಂದ ಲಂಡನ್ನಿಗೆ ಅಳೆಯಲು ಹೇಳುತ್ತೇನೆ, ಸುಮಾರು 200 ಮೈಲಿ. ಈ ಎರಡು ಯುದ್ಧಗಳ ನಡುವೆ 19 ದಿನ. ಹೆರಾಲ್ಡ್ ಯಾಕೆ ಸೋತ ಅನ್ನುವ ಪ್ರಬಂಧದ ಮೊದಲ ಪ್ಯಾರಾವನ್ನು ಅವರೇ ಕಂಡುಹಿಡಿಯುತ್ತಾರೆ.

ಇಷ್ಟಾದ ಮೇಲೆ ಟ್ಯಾಪೆಸ್ಟ್ರಿ. ಹೆರಾಲ್ಡ್ ಕಣ್ಣಿಗೆ ಬಾಣ ಬಿದ್ದು ಸತ್ತ ಅಂತ ಇಲ್ಲಿ ಎಲ್ಲರೂ ನಂಬಿದ್ದಾರೆ. ಚಿತ್ರದ ಮೇಲೆ ರಾಜ ಹೆರಾಲ್ಡ್ ಹತನಾದ ಅಂತ ಲ್ಯಾಟಿನ್ನಿನಲ್ಲಿ ಹೊಲಿದಿದ್ದಾರೆ. ಆದರೆ ಅದರ ಕೆಳಗೆ ಇಬ್ಬರಿದ್ದಾರೆ. ಒಬ್ಬ ಮುಖದ ಹತ್ತಿರ ಏನನ್ನೋ ಹಿಡಿದಿದ್ದಾನೆ, ಇನ್ನೊಬ್ಬನನ್ನು ಕುದುರೆ ಸವಾರ ಕಡಿಯುತ್ತಿದ್ದಾನೆ. ಹೆರಾಲ್ಡ್ ಯಾರು? ಇನ್ನೊಂದು ವಿಷಯವಿದೆ. 1729ರಲ್ಲಿ ಫ್ರಾನ್ಸಿನ ಕಲಾವಿದನೊಬ್ಬ ಅದನ್ನು ನೋಡಿ ಬರೆದ ಚಿತ್ರದಲ್ಲಿ ಆ ಗೆರೆಗೆ ಬಾಣದ ಗರಿಗಳಿಲ್ಲ, ಅದು ಈಟಿಯೂ ಆಗಿರಬಹುದು. 1819ರಲ್ಲಿ ಚಾರ್ಲ್ಸ್ ಸ್ಟೊಥರ್ಡ್ ಬರೆದ ಪ್ರತಿಯಲ್ಲಿ ಗರಿಗಳಿವೆ. ಬಟ್ಟೆಯನ್ನು ನಡುವೆ ಹಲವು ಸಲ ರಿಪೇರಿ ಮಾಡಿದ್ದಾರೆ. ಈ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಕ್ಲಾಸಿನಲ್ಲಿ ಗಲಾಟೆ ಶುರುವಾಗುತ್ತದೆ, ಬಯಾಸ್ಡ್ ಪದ ಯಾರ ಬಾಯಲ್ಲೂ ಬರುವುದಿಲ್ಲ. ಎರಡನೇ ಚಿತ್ರದಲ್ಲಿ ಗರಿ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಇತಿಹಾಸ ಓದುವವರು ಕೇಳಬೇಕಾದ ಪ್ರಶ್ನೆ ಅದೇ.

ನೀವು ರೆಡಿಂಗ್‌ನಲ್ಲಿದ್ದೀರಿ. ನಿಮ್ಮ ಊರಿನ ಮ್ಯೂಸಿಯಂನಲ್ಲೇ ಟ್ಯಾಪೆಸ್ಟ್ರಿಯ ಪೂರ್ತಿ ಅಳತೆಯ ಪ್ರತಿ ಇದೆ, 1885-86ರಲ್ಲಿ ಲೀಕ್ ಪಟ್ಟಣದ ಕಸೂತಿ ಸಂಘದ ಹೆಂಗಸರು ಹೊಲಿದದ್ದು. ಮಗನನ್ನು ಕರೆದುಕೊಂಡು ಹೋಗಿ. ಸುಮಾರು 70 ಮೀಟರ್ ಉದ್ದದ ಬಟ್ಟೆಯ ಪಕ್ಕದಲ್ಲಿ ನಡೆದರೆ ಕಥೆ ತಾನಾಗಿ ಕೂರುತ್ತದೆ. ಮೂಲ ಟ್ಯಾಪೆಸ್ಟ್ರಿಯನ್ನೂ 2026ರ ಸೆಪ್ಟೆಂಬರಿನಿಂದ 2027ರ ಜುಲೈವರೆಗೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಡುವುದಾಗಿ 2025ರಲ್ಲಿ ಪ್ರಕಟಿಸಿದ್ದಾರೆ.

ಹಳೇ ಮೈಸೂರು:
ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಆದರೆ ಇಸವಿಗಳ ವಿಷಯದಲ್ಲಿ ನಿಮ್ಮವರೆಲ್ಲ ತುಂಬ ಸಡಿಲ. ನನ್ನ ಮಗಳು ಕಾಮನ್ ಎಂಟ್ರೆನ್ಸ್ ಬರೆದಳು. ಅವಳಿಗೆ ಆರ್ಚ್‌ಬಿಷಪ್ ಬೆಕೆಟ್ ಕೊಲೆ ಗೊತ್ತು, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಗೊತ್ತು, ಪ್ಲೇಗ್ ಗೊತ್ತು. ಯಾವುದು ಮೊದಲು ಯಾವುದು ಆಮೇಲೆ ಅಂದರೆ ತಡಕಾಡುತ್ತಿದ್ದಳು. ಟಾಪಿಕ್ ಟಾಪಿಕ್ ಆಗಿ ಕಲಿಸುತ್ತಾರೆ, ಒಂದಕ್ಕೊಂದು ದಾರ ಇರುವುದಿಲ್ಲ. ನಾನು ಕೊನೆಗೆ ಮನೆಯ ಹಾಲಿನಲ್ಲಿ ಕಾಗದದ ಸುರುಳಿ ಅಂಟಿಸಿದೆ. ನೂರು ವರ್ಷಕ್ಕೆ ಒಂದು ಅಡಿ. ಮೇಲಿನ ಗೆರೆ ಇಂಗ್ಲೆಂಡಿಗೆ, ಕೆಳಗಿನದು ನಮಗೆ. 1076ರಲ್ಲಿ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದು ತನ್ನದೇ ಶಕೆ ಶುರು ಮಾಡಿದ, ಹೇಸ್ಟಿಂಗ್ಸ್ ಆಗಿ ಹತ್ತೇ ವರ್ಷ. 1509ರಲ್ಲಿ ಅಲ್ಲಿ ಎಂಟನೇ ಹೆನ್ರಿ, ಇಲ್ಲಿ ಕೃಷ್ಣದೇವರಾಯ, ಇಬ್ಬರೂ ಒಂದೇ ವರ್ಷ ಸಿಂಹಾಸನ ಹತ್ತಿದರು. 1565ರಲ್ಲಿ ವಿಜಯನಗರದ ಸೈನ್ಯ ತಾಳಿಕೋಟೆಯಲ್ಲಿ ಸೋತಾಗ ಇಲ್ಲಿ ರಾಣಿ ಒಂದನೇ ಎಲಿಜಬೆತ್ ಆಳುತ್ತಿದ್ದಳು. ಮಗಳಿಗೆ ಎರಡೂ ಕಡೆಯ ಇಸವಿ ಅದರಿಂದಲೇ ನಿಂತವು.

ಸಸೆಕ್ಸ್ ಮೇಷ್ಟ್ರು:
ಇಸವಿ ಬೇಕು. ಇದರಲ್ಲಿ ನಾನು ನಿಮ್ಮ ಕಡೆ. ನಮ್ಮ ಕಾರಿಡಾರಿನಲ್ಲೂ ಪಟ್ಟಿ ಇದೆ, ನೂರು ವರ್ಷಕ್ಕೆ ಒಂದು ಮೀಟರ್. 1066ರಿಂದ ಇವತ್ತಿನವರೆಗೆ ಒಂಬತ್ತೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ರೋಮನ್ನರು ಬ್ರಿಟನ್ನಿಗೆ ದಂಡೆತ್ತಿ ಬಂದ ಕ್ರಿ.ಶ. 43 ಇನ್ನೂ ಹತ್ತು ಮೀಟರ್ ಆಚೆ, ಡೈನಿಂಗ್ ಹಾಲಿನ ಬಾಗಿಲ ಹತ್ತಿರ. ಹೇಸ್ಟಿಂಗ್ಸ್ ಆದಾಗ ರೋಮನ್ನರ ಕಾಲ ಆಗಲೇ ಅಷ್ಟು ಹಳೆಯದಾಗಿತ್ತು ಅನ್ನುವುದು ಅಲ್ಲಿ ನಡೆದಾಗಲೇ ಗೊತ್ತಾಗುವುದು.

ದಾರದ ವಿಷಯಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1348ರಲ್ಲಿ ಪ್ಲೇಗ್ ಬಂದು ಇಂಗ್ಲೆಂಡಿನ ಮೂರನೇ ಒಂದರಿಂದ ಅರ್ಧದಷ್ಟು ಜನ ಸತ್ತರು ಅಂತ ಅಂದಾಜು. ಮಕ್ಕಳಿಗೆ ಕೀವು, ಗಡ್ಡೆ, ಇಲಿ ಎಲ್ಲ ಬಹಳ ಇಷ್ಟ, ಪಾಠ ಅಲ್ಲೇ ನಿಂತುಬಿಡುವ ಅಪಾಯ ಇದೆ. ನಾನು ಕಾರ್ಡ್ ಕೊಡುತ್ತೇನೆ: ಜನ ಕಡಿಮೆಯಾದರು, ಕೂಲಿಯವರು ಜಾಸ್ತಿ ಕೂಲಿ ಕೇಳಿದರು, 1351ರಲ್ಲಿ ಕೂಲಿ ಏರಬಾರದು ಅಂತ ಕಾನೂನು ಬಂತು, ಫ್ರಾನ್ಸಿನ ಯುದ್ಧಕ್ಕೆ ದುಡ್ಡು ಬೇಕಾಯಿತು, ತಲೆಗಂದಾಯ ಹಾಕಿದರು, 1381ರಲ್ಲಿ ದಂಗೆಯ ಮುಂದಾಳು ವಾಟ್ ಟೈಲರ್ ಜೊತೆ ರೈತರು ಲಂಡನ್ನಿಗೆ ನುಗ್ಗಿದರು. ಎದುರು ನಿಂತ ರಾಜ ಎರಡನೇ ರಿಚರ್ಡ್‌ಗೆ 14 ವರ್ಷ. ನಮ್ಮ ಇಯರ್ 8ರ ಮಕ್ಕಳಿಗಿಂತ ಒಂದೇ ಒಂದು ವರ್ಷ ದೊಡ್ಡವನು. ಕಾರ್ಡುಗಳನ್ನು ಸಾಲಾಗಿ ಇಡಿ ಅಂದರೆ ಇಡುತ್ತಾರೆ. ಯಾವ ಕಾರ್ಡ್ ತೆಗೆದರೆ ದಂಗೆ ಆಗುತ್ತಿರಲಿಲ್ಲ ಅಂತ ಕೇಳಿದರೆ ಪಾಠದ ಉಳಿದ ಹೊತ್ತೆಲ್ಲ ಜಗಳ. ಪ್ಲೇಗ್ ತೆಗೆಯಿರಿ ಅಂತ ಕೆಲವರು, ತೆರಿಗೆ ತೆಗೆಯಿರಿ ಅಂತ ಕೆಲವರು.

ಹಾವೇರಿ ಟೀಚರ್:
ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಿಮ್ಮ ಮಕ್ಕಳ ವಯಸ್ಸೇ, ಆರರಿಂದ ಎಂಟನೇ ತರಗತಿ. ಇಲ್ಲಿಯ ಕಷ್ಟ ಉಲ್ಟಾ. ಪುಸ್ತಕ ಇದೆ, ಪ್ರಶ್ನೋತ್ತರ ಇದೆ, ಪರೀಕ್ಷೆಗೆ ಪುಸ್ತಕದ ಸಾಲೇ ಬರಬೇಕು. ಆಧಾರವನ್ನು ಕೈಯಲ್ಲಿ ಹಿಡಿಸುವುದಕ್ಕೆ ಹೊತ್ತು ಸಿಗುವುದಿಲ್ಲ. ಆದರೆ ಊರ ಗುಡಿ ಮುಂದೆ ವೀರಗಲ್ಲು ನಿಂತಿದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಬಸ್ಸೂ ಬೇಡ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ವೀರ ದೇವರ ಮುಂದೆ ಕೂತಿರುವುದು. ದಿನಾ ಅದರ ಪಕ್ಕ ಆಡುವ ಮಕ್ಕಳು ಕೆಳಗಿನಿಂದ ಮೇಲೆ ಓದಬೇಕು ಅಂತ ಗೊತ್ತಾದ ದಿನ ಕಲ್ಲು ಬಿಟ್ಟು ಕದಲಲಿಲ್ಲ.

ಹೆರಾಲ್ಡ್ ಬಾಣದ ಕಥೆ ಓದಿ ಮೈ ಜುಮ್ಮೆಂದಿತು. ಯಾಕೆಂದರೆ ನಮ್ಮಲ್ಲೂ ಹಾಗೇ ಒಬ್ಬ ಇದ್ದಾನೆ. 949ರ ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಆತಕೂರಿನ ಶಾಸನ ಗಂಗರ ಕಡೆಯದು, ಕೊಂದವನು ಗಂಗರ ರಾಜ ಬೂತುಗ ಅನ್ನುತ್ತದೆ. ಚೋಳರ ತಾಮ್ರಶಾಸನ ರಾಷ್ಟ್ರಕೂಟ ಕೃಷ್ಣನ ಬಾಣಗಳು ತಾಗಿ, ಆನೆಯ ಮೇಲೆ ಕೂತಿದ್ದಂತೆಯೇ ವೀರಸ್ವರ್ಗ ಸೇರಿದ ಅನ್ನುತ್ತದೆ. ಸಾವು ಒಂದೇ, ಬರೆಸಿದವರು ಬೇರೆ. ಆತಕೂರಿನ ಕಲ್ಲಿನ ಮೇಲೆ ಕಾಳಿ ಅನ್ನುವ ಬೇಟೆನಾಯಿ ಹಂದಿಯ ಜೊತೆ ಹೋರಾಡುವ ಚಿತ್ರವೂ ಇದೆ. ರಾಜ ಏನು ಬೇಕಾದರೂ ಕೇಳು ಅಂದಾಗ ಬೂತುಗನ ಕಡೆಯ ವೀರ ಮಣಲೆರ ಆ ನಾಯಿಯನ್ನು ಕೇಳಿ ಪಡೆದ, ಅದು ಹಂದಿಯ ಜೊತೆ ಸತ್ತಾಗ ಕಲ್ಲು ಹಾಕಿಸಿದ. ನಾಯಿಯ ಕಥೆಗೆ ಬಂದ ಮಕ್ಕಳು ಯುದ್ಧದ ಕಥೆ ತಗೊಂಡು ಹೋಗುತ್ತಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಒಂದು ಎಚ್ಚರಿಕೆ ಮಾತು ಹಳೇ ಮೈಸೂರಿನವರಿಗೆ. ಎರಡು ಗೆರೆ ಬರೆಯುವುದು ಚೆಂದ. ಆದರೆ ಅದು ನಾವೇನು ಕಮ್ಮಿ ಅಂತ ತೋರಿಸುವುದಕ್ಕೆ ಆಗಬಾರದು. ಮಗು ಎರಡನ್ನೂ ತೂಗಿ ಯಾರು ದೊಡ್ಡವರು ಅಂತ ಹೇಳತೊಡಗಿದರೆ ಪಾಠ ಕೆಟ್ಟಿತು.

ಹಳೇ ಮೈಸೂರು:
ಸರಿ ಟೀಚರ್, ಆದರೆ ಇಲ್ಲಿ ಬೆಳೆಯುವ ಮಗುವಿಗೆ ತನ್ನ ಕಡೆಯವರೂ ಆ ಕಾಲದಲ್ಲಿ ಇದ್ದರು ಅಂತ ತಿಳಿಯುವುದು ಬೇಕೇ ಬೇಕು. ಅದನ್ನು ನಾನು ಬಿಡುವುದಿಲ್ಲ.

ರೆಡಿಂಗ್ ಅಮ್ಮ:
ಓದುತ್ತಾ ಕೂತರೆ ನನಗೇ ಕ್ಲಾಸಿಗೆ ಬರಬೇಕು ಅನ್ನಿಸುತ್ತಿದೆ. ಇನ್ನೊಂದು ಕೇಳಲಾ? ಇಯರ್ 8ರಲ್ಲಿ ಎಂಪೈರ್, ಅಂದರೆ ಬ್ರಿಟಿಷ್ ಸಾಮ್ರಾಜ್ಯದ ಪಾಠ, ಬರುತ್ತದಂತೆ. ನನ್ನ ಗೆಳತಿಯ ಮಗಳಿಗೆ ಹೀಗಾಯಿತು. ಈಸ್ಟ್ ಇಂಡಿಯಾ ಕಂಪನಿ ಪಾಠದ ದಿನ ಟೀಚರ್ ಎಲ್ಲರ ಮುಂದೆ ಅವಳ ಕಡೆ ತಿರುಗಿ ನಿಮ್ಮ ಮನೆಯಲ್ಲಿ ಇದರ ಬಗ್ಗೆ ಏನು ಹೇಳುತ್ತಾರೆ ಅಂದರಂತೆ. ಹನ್ನೆರಡು ವರ್ಷದ ಮಗು ಇಡೀ ದೇಶದ ಪರವಾಗಿ ಏನು ಹೇಳಬೇಕು? ಸಂಜೆ ಅತ್ತಳಂತೆ.

ಸಸೆಕ್ಸ್ ಮೇಷ್ಟ್ರು:
ಹಾಗೆ ಕೇಳಬಾರದು. ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೇಳಿದರೂ ಕೇಳಬಾರದು. ಆ ಮಗು ಅವತ್ತು ಹಿಸ್ಟರಿ ವಿದ್ಯಾರ್ಥಿಯಾಗಿ ಕೂತಿತ್ತು, ಸಾಕ್ಷಿಯಾಗಿ ಅಲ್ಲ. ಗೆಳತಿಗೆ ಟೀಚರ್ ಜೊತೆ ಮಾತಾಡಲು ಹೇಳಿ, ಬಹಳ ಟೀಚರ್‌ಗಳಿಗೆ ಇದು ಹೊಳೆದಿರುವುದಿಲ್ಲ.

ನಾನು ಎಂಪೈರ್ ಪಾಠವನ್ನು ಒಂದು ವಸ್ತುವಿನಿಂದ ಶುರು ಮಾಡುತ್ತೇನೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಇದೆ. ಮರದ ಹುಲಿ, ಕೆಳಗೆ ಬಿದ್ದಿರುವ ಯುರೋಪಿನ ಮನುಷ್ಯ, ಒಳಗೆ ಆರ್ಗನ್ ವಾದ್ಯ. ಹಿಡಿಕೆ ತಿರುಗಿಸಿದರೆ ಹುಲಿಯ ಗುರ್ರು, ಮನುಷ್ಯನ ನರಳಾಟ. ಇಲ್ಲಿ ಶಾಲೆಯ ಮಕ್ಕಳು ತಲೆಮಾರುಗಳಿಂದ ನೋಡಿ ನಕ್ಕಿರುವ ವಸ್ತು. ನಾವು ಮೂರು ಪ್ರಶ್ನೆ ಇಡುತ್ತೇವೆ. ಯಾರಿಗಾಗಿ ಮಾಡಿದರು? ಇಲ್ಲಿಗೆ ಹೇಗೆ ಬಂತು? ಇಲ್ಲಿ ಬಂದ ಮೇಲೆ ಜನ ಅದನ್ನು ಏನೆಂದು ತೋರಿಸಿದರು? ಎರಡನೇ ಪ್ರಶ್ನೆಗೆ ಉತ್ತರ 1799ರ ಮೇ 4, ಶ್ರೀರಂಗಪಟ್ಟಣ. ಕೋಟೆ ಬಿದ್ದ ಮೇಲೆ ಅರಮನೆಯ ವಸ್ತುಗಳನ್ನು ಲೂಟಿ ಅಂತ ಹಂಚಿಕೊಂಡರು. ವೇಲ್ಸ್‌ನ ಪೋವಿಸ್ ಕ್ಯಾಸಲ್‌ನಲ್ಲಿ ಟಿಪ್ಪುವಿನ ಡೇರೆ ಇದೆ, ಸಿಂಹಾಸನದ ಒಂದು ಚಿಕ್ಕ ಹುಲಿತಲೆಯೂ ಇದೆ.

ಆಮೇಲೆ ಒಂದು ಪೇಂಟಿಂಗ್. ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ್ದು, ಬ್ರಿಟಿಷ್ ಸೈನ್ಯದ ಜನರಲ್ ಬೇರ್ಡ್ ಟಿಪ್ಪುವಿನ ಶವ ಕಂಡುಹಿಡಿಯುವ ದೃಶ್ಯ. ಬೇರ್ಡ್ ಬೆಳಕಿನಲ್ಲಿ ಎತ್ತರಕ್ಕೆ ನಿಂತಿದ್ದಾನೆ, ಟಿಪ್ಪು ಕೆಳಗೆ ಬಿದ್ದಿದ್ದಾನೆ. ಮಕ್ಕಳು ಮೊದಲು ನೋಡಿದ್ದು ಬರೆಯುತ್ತಾರೆ. ಆಮೇಲೆ ನಾನು ಒಂದೊಂದೇ ಹೇಳುತ್ತೇನೆ. ಘಟನೆಯಾಗಿ ನಲವತ್ತು ವರ್ಷವಾಗಿತ್ತು. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಚಿತ್ರ ಬರೆಸಿದವಳು ಬೇರ್ಡ್‌ನ ಹೆಂಡತಿ, ಅಷ್ಟೊತ್ತಿಗೆ ವಿಧವೆ. ಬೇರ್ಡ್ ಅದಕ್ಕೂ ಹಿಂದೆ ಸುಮಾರು ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲೇ ಸೆರೆಯಲ್ಲಿದ್ದ. ಒಂದೊಂದು ಮಾತಿಗೂ ಮಕ್ಕಳು ತಮ್ಮ ಉತ್ತರಕ್ಕೆ ಮರಳಿ ಹೋಗಿ ತಿದ್ದುತ್ತಾರೆ. ಸೆರೆಯ ವಿಷಯ ಹೇಳಿದಾಗ ಕೆಲವರು ಬೇರ್ಡ್ ಕಡೆ ವಾಲುತ್ತಾರೆ, ಅದೂ ಸರಿಯೇ. ನಮ್ಮ ಕ್ಲಾಸಿನಲ್ಲಿ ಇಬ್ಬರ ಕಡೆಯ ಮಕ್ಕಳೂ ಇರುತ್ತಾರೆ, ಯಾರೂ ತಲೆ ತಗ್ಗಿಸಿ ಕೂರಬೇಕಾಗಿಲ್ಲ.

ಮೈಸೂರಿನ ರಾಕೆಟ್ ವಿಷಯ ಹೇಳದೆ ಬಿಟ್ಟರೆ ಹುಡುಗರು ಬಿಡುವುದಿಲ್ಲ. ಕಬ್ಬಿಣದ ಕೊಳವೆಯ ಆ ರಾಕೆಟ್‌ಗಳನ್ನು ನೋಡಿದ ಮೇಲೆಯೇ ವಿಲಿಯಂ ಕಾಂಗ್ರೀವ್ ವೂಲಿಚ್‌ನಲ್ಲಿ ತನ್ನದನ್ನು ಮಾಡಿದ.

ಕೊಡಗು ಟು ಲಂಡನ್:
ಮೇಷ್ಟ್ರೇ, ನಿಮ್ಮ ಪಾಠ ಇಷ್ಟವಾಯಿತು, ಆದರೂ ಒಂದು ಹೇಳಲೇಬೇಕು. ಇಲ್ಲಿಯ ಮಕ್ಕಳಿಗೆ ಎರಡೇ ಕಡೆ ಸಿಗುತ್ತದೆ: ಬ್ರಿಟಿಷರು ಮತ್ತು ಟಿಪ್ಪು. ನಮ್ಮ ಮನೆಯಲ್ಲಿ ಟಿಪ್ಪು ಅಂದರೆ ಕೊಡಗಿನ ಮೇಲೆ ಬಂದ ದಂಡು, ಸೆರೆ ಹಿಡಿದು ಕರೆದುಕೊಂಡು ಹೋದ ಕುಟುಂಬಗಳು. ಅಜ್ಜಿ ಹೇಳುತ್ತಿದ್ದುದು ಅದನ್ನೇ. ಟಿಪ್ಪು ಆ ದಿನ ತಮ್ಮವರನ್ನು ಕೊಲ್ಲಿಸಿದ ಅನ್ನುವ ನೆನಪಿನಲ್ಲಿ ಮೇಲುಕೋಟೆಯಲ್ಲಿ ಇವತ್ತಿಗೂ ನರಕ ಚತುರ್ದಶಿ ಆಚರಿಸದ ಕುಟುಂಬಗಳಿವೆ. ನನ್ನ ಮಗ ಶಾಲೆಯಿಂದ ಬಂದು ಟಿಪ್ಪು ನಮ್ಮ ಹೀರೋ ಅಲ್ವಾ ಅಮ್ಮಾ ಅಂದ. ಇಂಗ್ಲಿಷರ ವಿರುದ್ಧ ನಿಂತವನೆಲ್ಲ ನಮ್ಮ ಹೀರೋ ಅಂತ ಯಾರೋ ಅವನಿಗೆ ಸುಲಭ ಮಾಡಿಕೊಟ್ಟಿದ್ದಾರೆ. ನನಗೆ ಇದು ನೋವಿನ ವಿಷಯ.

ಹಳೇ ಮೈಸೂರು:
ನಮ್ಮ ಕಡೆ ಟಿಪ್ಪುವನ್ನು ರೇಷ್ಮೆ ತಂದವನು ಅಂತ ಇವತ್ತಿಗೂ ನೆನೆಯುತ್ತಾರೆ. ಶೃಂಗೇರಿ ಮಠಕ್ಕೆ ಬರೆದ ಪತ್ರಗಳಿವೆ, ಮರಾಠರ ದಂಡು ಮಠ ಲೂಟಿ ಮಾಡಿದ ಮೇಲೆ ಸಹಾಯ ಕಳಿಸಿದ್ದು. ಅದೂ ದಾಖಲೆ.

ಕೊಡಗು ಟು ಲಂಡನ್:
ದಾಖಲೆ ಇಲ್ಲ ಅಂತ ನಾನು ಹೇಳಿಲ್ಲ. ನಮ್ಮದೂ ದಾಖಲೆ ಅಂತ ಹೇಳುತ್ತಿದ್ದೇನೆ.

ಸಸೆಕ್ಸ್ ಮೇಷ್ಟ್ರು:
ಇಬ್ಬರೂ ಹೇಳಿದ್ದು ಕ್ಲಾಸಿಗೆ ಬರಬೇಕು. ಅಷ್ಟು ಚಿಕ್ಕ ಮಕ್ಕಳಿಗೆ ಇದು ಜಾಸ್ತಿಯಾಯಿತು ಅಂತ ಕೆಲವು ಸಹೋದ್ಯೋಗಿಗಳು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇದೇ ಮಕ್ಕಳು ಪಾರ್ಲಿಮೆಂಟಿನ ಕಡೆಯ ಸೇನಾಪತಿ ಕ್ರಾಮ್‌ವೆಲ್ ಬಗ್ಗೆ ಇದನ್ನೇ ಮಾಡುತ್ತಾರೆ. 1649ರಲ್ಲಿ ರಾಜ ಚಾರ್ಲ್ಸ್‌ನ ತಲೆ ಕಡಿಸಿದವರಲ್ಲಿ ಅವನೂ ಒಬ್ಬ. ಪಾರ್ಲಿಮೆಂಟಿನ ಹೊರಗೆ ಅವನ ಪ್ರತಿಮೆ ನಿಂತಿದೆ. ಐರ್ಲೆಂಡಿನಲ್ಲಿ ಅದೇ ವರ್ಷದ ದ್ರೋಗೆಡಾ ಕಗ್ಗೊಲೆಯಿಂದಾಗಿ ಅವನ ಹೆಸರೆತ್ತಿದರೆ ಜನ ಇವತ್ತಿಗೂ ಸಿಟ್ಟಾಗುತ್ತಾರೆ. ಹನ್ನೆರಡು ವರ್ಷದ ಮಕ್ಕಳು ಈ ಎರಡನ್ನೂ ಒಂದೇ ಪ್ರಬಂಧದಲ್ಲಿ ಇಟ್ಟು ಬರೆಯುತ್ತಾರೆ, ಚೆನ್ನಾಗಿಯೇ ಬರೆಯುತ್ತಾರೆ. ಟಿಪ್ಪು ವಿಷಯದಲ್ಲಿ ಆಗುವುದಿಲ್ಲ ಅನ್ನುವುದು ಮಕ್ಕಳ ಕೊರತೆಯಲ್ಲ, ಇಲ್ಲಿಯ ಟೀಚರ್‌ಗಳಿಗೆ ಕೊಡಗು ಎಲ್ಲಿದೆ ಅಂತ ಗೊತ್ತಿಲ್ಲದ ಕೊರತೆ. ಶೃಂಗೇರಿಯ ಪತ್ರ, ಕೊಡಗಿನ ನೆನಪು, ವಿಲ್ಕಿಯ ಚಿತ್ರ, ಮೂರನ್ನೂ ಮೇಜಿನ ಮೇಲೆ ಇಟ್ಟು ಒಂದೊಂದೂ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತ ಕೇಳಬಹುದು. ಹೀರೋನಾ ವಿಲನ್ನಾ ಅನ್ನುವ ಪ್ರಶ್ನೆ ಹಾಕಿದರೆ ಪಾಠ ಅಲ್ಲೇ ಮುಗಿಯುತ್ತದೆ, ಅದನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ.

ರೆಡಿಂಗ್ ಅಮ್ಮ:
ಮನೆಯಲ್ಲಿ ನಾನು ಏನು ಮಾಡಲಿ ಹೇಳಿ. ಟ್ಯೂಷನ್ ಹಾಕುವಷ್ಟು ದುಡ್ಡಿಲ್ಲ.

ಸಸೆಕ್ಸ್ ಮೇಷ್ಟ್ರು:
ಟ್ಯೂಷನ್ ಬೇಡವೇ ಬೇಡ. ಕಥೆಯನ್ನು ಬಾಯಲ್ಲಿ ಹೇಳಿಸಿ. ಊಟದ ಹೊತ್ತಿಗೆ 1066ರಲ್ಲಿ ಏನಾಯಿತು ಅಂತ ಕನ್ನಡದಲ್ಲಿ ಹೇಳು ಅನ್ನಿ. ಶಾಲೆಯಲ್ಲಿ ಕೇಳಿದ ಇಂಗ್ಲಿಷ್ ಸಾಲು ಕನ್ನಡದಲ್ಲಿ ಹಾಗೇ ಬರುವುದಿಲ್ಲ, ಅರ್ಥವಾಗಿದ್ದರೆ ಮಾತ್ರ ಹೇಳಲು ಸಾಧ್ಯ. ತಡವರಿಸಿದ ಕಡೆ ನಿಲ್ಲಿಸಿ ಯಾಕೆ ಅಂತ ಕೇಳಿ. ನಿಮಗೆ ಉತ್ತರ ಗೊತ್ತಿರಬೇಕು ಅಂತಿಲ್ಲ. ಶಾಲೆಗೆ ಬರೆಯುವಾಗ ನೋಟ್ಸ್ ಕೊಡಿ ಅಂತ ಕೇಳಬೇಡಿ, ಪ್ರತಿ ಟಾಪಿಕ್ಕಿಗೆ ಒಂದು ಪುಟದ ಕಥೆ ಮತ್ತು ಇಸವಿ ಪಟ್ಟಿ ಮನೆಗೆ ಕಳಿಸಿ ಅಂತ ಕೇಳಿ. ಅದನ್ನು ಯಾವ ಟೀಚರೂ ಇಲ್ಲ ಅನ್ನುವುದಿಲ್ಲ. ಆ ಬಯಾಸ್ಡ್ ಉತ್ತರಕ್ಕೆ ಟಿಕ್ ಹಾಕಿದ್ದು ಯಾಕೆ ಅಂತಲೂ ಮೆಲ್ಲಗೆ ಕೇಳಿ.

ಹಾವೇರಿ ಟೀಚರ್:
ಆ 1729 ಮತ್ತು 1819ರ ಎರಡು ಚಿತ್ರ ನನಗೆ ಕಳಿಸುತ್ತೀರಾ? ರಾಜಾದಿತ್ಯನ ಪಾಠದ ಜೊತೆ ಏಳನೇ ತರಗತಿಯಲ್ಲಿ ಇಡುತ್ತೇನೆ. ಇಂಗ್ಲೆಂಡಿನ ರಾಜನ ಹೆಸರು ಪರೀಕ್ಷೆಗೆ ಬರುವುದಿಲ್ಲ ಅಂತ ಹೆಡ್‌ಮಾಸ್ಟರ್ ಅನ್ನಬಹುದು, ನೋಡೋಣ.

ಸಸೆಕ್ಸ್ ಮೇಷ್ಟ್ರು:
ಇವತ್ತೇ ಕಳಿಸುತ್ತೇನೆ. ಬದಲಿಗೆ ಆತಕೂರಿನ ಕಲ್ಲಿನ ಫೋಟೋ, ಶಾಸನದ ಹೊಸಗನ್ನಡ ಪಾಠ ಕೊಡಿ, ಇಂಗ್ಲಿಷಿಗೆ ನಾನು ಮಾಡಿಕೊಳ್ಳುತ್ತೇನೆ. ಇಯರ್ 7ಕ್ಕೆ ಮುಂದಿನ ಟರ್ಮ್‌ನಲ್ಲಿ ಬೆಕೆಟ್ ಇದೆ, ಅದಕ್ಕೂ ಮೊದಲು ಕಾಳಿ ನಾಯಿಯನ್ನು ತರುತ್ತೇನೆ.